ಅರ್ಧ ಮಾತ್ರ ಒಪ್ಪಿಗೆ

ಕಷ್ಟ ಬಂದ್ರೆ ‘ದೇವರ ಪರೀಕ್ಷೆ, ಒಪ್ಕೋ’ ಅನ್ನೋದು ನಮ್ಮಂಥ ಕ್ರೈಸ್ತ ಮನೆಗಳಲ್ಲಿ ಮಾಮೂಲು ಮಾತು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ.

ಬೈಬಲ್ಲಿನ ಯೋಬನನ್ನು ನೋಡಿ. ಮಕ್ಕಳು, ದನಕರು, ಆರೋಗ್ಯ ಎಲ್ಲಾ ಹೋದವು. ಅವನು ದೇವರನ್ನು ಬಿಡಲಿಲ್ಲ, ಹಾಗಂತ ಸುಮ್ಮನೂ ಕೂರಲಿಲ್ಲ. ಯಾಕೆ ಹೀಗೆ ಅಂತ ದೇವರ ಜೊತೆಗೇ ವಾದಕ್ಕಿಳಿದ. ‘ನೀನು ಪಾಪ ಮಾಡಿದ್ದೀಯ, ಅದಕ್ಕೇ ಇದು’ ಅಂತ ಬುದ್ಧಿ ಹೇಳಿದ್ದು ಗೆಳೆಯರು (ಬ್ಯಾಕ್‌ಲಾಗ್ ಬಂದಾಗ ಫೋನ್ ಮಾಡೋ ಸಂಬಂಧಿಕರ ಹಾಗೆ). ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಆ ಗೆಳೆಯರ ಮೇಲೆ!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಟ್ಟಾಗಿ ಕೊಚ್ಚಿಹೋಯ್ತು. ಸಿಂಧನೂರು ತಾಲ್ಲೂಕಿನ ನಮ್ಮ ಗೊರೇಬಾಳದ ಕಡೆ ಎಡದಂಡೆ ಕಾಲುವೆ ನೀರು ಅಂದ್ರೆ ಭತ್ತ, ಭತ್ತ ಅಂದ್ರೆ ನಮ್ಮ ಕಾಲೇಜ್ ಫೀಸು. ಬೆಳೆ ಹೋದ್ರೂ ಎದೆಗುಂದದೆ ಇರೋ ಶಕ್ತಿ ನಂಬಿಕೆಯಿಂದ ಬರುತ್ತೆ, ನಿಜ. ಆದ್ರೆ ಚೈನ್ ಯಾಕೆ ಕಟ್ಟಾಯ್ತು ಅನ್ನೋದನ್ನೂ ದೇವರ ಲೆಕ್ಕಕ್ಕೇ ಬರೆದ್ರೆ ನಾವು ಎಂಜಿನಿಯರಿಂಗ್ ಓದೋದು ಯಾಕೆ? ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಲ್ಲೇ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿದ್ರು. ಆ ವಾರ ನಮ್ಮಜ್ಜಿ ಬೆಳಿಗ್ಗೆ ಪ್ರಾರ್ಥನೆ ಮುಗಿಸಿದ ಕೂಡಲೇ ‘ಗೇಟ್ ಕೂತಿತೇನು?’ ಅಂತ ಟೀವಿ ಹಾಕಿಸ್ತಿದ್ರು.