ಹೇಳಿಕೊಳ್ಳಲಾಗದ ತೊಂದರೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಂದಿತೆಂದರೆ, ಶ್ರೀನಗರದ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ನನ್ನನ್ನು ಕರೆದುಕೊಂಡು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೊರಡುವುದು ಬಹುಕಾಲದ ವಾಡಿಕೆ. ಹೋದ ವರ್ಷ ಅವರು ಬರಲೊಪ್ಪಲಿಲ್ಲ, ಮಂಡಿನೋವೆಂದರು. ಮುಂಜಾನೆಯ ತಿರುಗಾಟವೂ ನಿಂತಿತು. ಆದರೆ ಮಂಡಿನೋವಿನವರು ಮಹಡಿಯ ಮೆಟ್ಟಿಲನ್ನು ಸರಾಗವಾಗಿ ಹತ್ತುತ್ತಿದ್ದುದನ್ನು ಕಂಡು ನನಗೆ ಸಂಶಯ ಹುಟ್ಟಿತು. ಒಂದು ಸಂಜೆ ಒತ್ತಾಯಿಸಿ ಕೇಳಿದಾಗ ದನಿ ತಗ್ಗಿಸಿ, “ಕೆಮ್ಮಿದರೆ ಸಾಕು, ಪಂಚೆ ಒದ್ದೆಯಾಗುತ್ತದೆ ಸ್ವಾಮಿ. ಈ ವಯಸ್ಸಿನಲ್ಲಿ ಇದನ್ನು ಯಾರಿಗೆ ಹೇಳಲಿ?” ಎಂದರು. ಎರಡು ವರ್ಷಗಳ ಹಿಂದೆ ಕ್ಯಾನ್ಸರಿನ ಕಾರಣ ಅವರ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದಿದ್ದರು. ರೋಗ ಹೋಯಿತು, ಈ ಸಂಕಟ ಉಳಿಯಿತು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಓದುಗರಲ್ಲಿಯೂ ಇಂಥವರು ಇರಬಹುದಷ್ಟೆ.

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೊರಳಿಗೆ ಅಂಟಿಕೊಂಡಿದೆ. ಅದರ ಕೆಳಗೇ ಮೂತ್ರನಾಳವನ್ನು ಬಿಗಿಹಿಡಿಯುವ ಸಂಕೋಚಕ ಸ್ನಾಯುವುಂಟು. ಗ್ರಂಥಿಯನ್ನು ತೆಗೆಯುವಾಗ ಇದರ ಬಲ ಕುಂದುವುದುಂಟು. ಅನೇಕರಿಗೆ ವ್ಯಾಯಾಮದಿಂದ, ಎಂದರೆ ಮೂತ್ರವನ್ನು ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸದಿಂದ, ಕ್ರಮೇಣ ಹತೋಟಿ ಮರಳುತ್ತದೆ. ಆದುದರಿಂದ ವೈದ್ಯರು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯುತ್ತಾರೆ.

ಆಮೇಲೂ ನಿಲ್ಲದಿದ್ದರೆ ಎರಡು ಮಾರ್ಗಗಳಿವೆ. ಸೋರಿಕೆ ಕಡಿಮೆಯಿದ್ದರೆ ಮೂತ್ರನಾಳದ ಕೆಳಗೆ ಜಾಲರಿಯ ಪಟ್ಟಿಯೊಂದನ್ನು ಜೋಲಿಯಂತೆ ಇರಿಸಿ ಆಧಾರ ಕೊಡುವುದು ಒಂದು. ಹೆಚ್ಚಾಗಿದ್ದರೆ ಕೃತಕ ಸಂಕೋಚಕವನ್ನು ಇಡುವುದು ಇನ್ನೊಂದು. ಇದನ್ನು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬ್ರಾಂಟ್ಲಿ ಸ್ಕಾಟ್ ಎಂಬ ವೈದ್ಯರು 1972ರಲ್ಲಿ ಮೊದಲು ಅಳವಡಿಸಿದರು. ಇದರಲ್ಲಿ ಮೂರು ಅಂಗಗಳು: ಮೂತ್ರನಾಳವನ್ನು ಸುತ್ತುವ ದ್ರವತುಂಬಿದ ಪಟ್ಟಿ, ಹೊಟ್ಟೆಯೊಳಗೊಂದು ಪುಟ್ಟ ಬುಗ್ಗೆ, ವೃಷಣಚೀಲದೊಳಗೊಂದು ಪಂಪು. ಚರ್ಮದ ಮೇಲಿನಿಂದಲೇ ಪಂಪನ್ನು ಹಿಸುಕಿದರೆ ಪಟ್ಟಿಯ ದ್ರವ ಬುಗ್ಗೆಗೆ ಸರಿದು ದಾರಿ ತೆರೆಯುತ್ತದೆ; ಕೆಲವು ನಿಮಿಷಗಳಲ್ಲಿ ದ್ರವ ತಾನಾಗಿಯೇ ಹಿಂದಿರುಗಿ ದಾರಿ ಮುಚ್ಚುತ್ತದೆ. ಗಾಯ ಮಾಯುವವರೆಗೆ, ಸುಮಾರು ಆರು ವಾರ, ಇದನ್ನು ಚಾಲನೆಗೆ ತರುವುದಿಲ್ಲ.

ಇದು ಎಲ್ಲರಿಗೂ ತಕ್ಕುದಲ್ಲ. ಕೈಬೆರಳುಗಳಲ್ಲಿ ಶಕ್ತಿ, ಬುದ್ಧಿಯಲ್ಲಿ ಎಚ್ಚರ ಬೇಕು. ಸೋಂಕು ತಗುಲಬಹುದು, ಪಟ್ಟಿಯು ನಾಳವನ್ನು ಸವೆಸಬಹುದು, ವರ್ಷಗಳ ಮೇಲೆ ಯಂತ್ರ ಕೆಟ್ಟು ಮರಳಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ವೆಚ್ಚವೂ ಲಕ್ಷಗಳ ಮಾತು. ಇದನ್ನು ಅಳವಡಿಸಿಕೊಂಡವರು ಯಾವ ಆಸ್ಪತ್ರೆಗೆ ಹೋದರೂ ಮೊದಲು ಆ ಸಂಗತಿಯನ್ನು ತಿಳಿಸಬೇಕು. ಪಟ್ಟಿಯನ್ನು ಸಡಿಲಿಸದೆ ಮೂತ್ರದ ಕೊಳವೆ ತೂರಿಸಿದರೆ ನಾಳಕ್ಕೆ ಅಪಾಯವುಂಟು.

ಎಲ್ಲ ಸೋರಿಕೆಗೂ ಕಾರಣ ಒಂದೇ ಅಲ್ಲವಾದುದರಿಂದ ಮೊದಲು ಪರೀಕ್ಷೆಯಾಗಬೇಕು. ನಮ್ಮ ಬೆಂಗಳೂರಿನಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಮೂತ್ರರೋಗಗಳಿಗೆಂದೇ ಸರಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಸಲಹೆ ಕೇಳಲು ನಾಚಿಕೆಯೇಕೆ? ಕಣ್ಣು ಮಂಜಾದರೆ ಕನ್ನಡಕ ಕೊಳ್ಳುತ್ತೇವೆ. ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳುತ್ತೇವೆ. ಇದೊಂದನ್ನು ಮಾತ್ರ ಹೆಂಡತಿಗೂ ಹೇಳದೆ, ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಕತ್ತಲ ಕೋಣೆ ಸೇರುತ್ತೇವೆ.

ಉಪಾಧ್ಯಾಯರು ಶಸ್ತ್ರಚಿಕಿತ್ಸೆಯ ವಿಚಾರ ಇನ್ನೂ ತೀರ್ಮಾನಿಸಿಲ್ಲ. ಆದರೆ ಮಗನಿಗೆ ತಿಳಿಸಿದ್ದಾರೆ, ಪರೀಕ್ಷೆಯ ದಿನವೂ ಗೊತ್ತಾಗಿದೆ. ಮೊನ್ನೆ ಬೆಳಗ್ಗೆ ತಾವಾಗಿಯೇ ನಮ್ಮ ಬಾಗಿಲು ತಟ್ಟಿ, “ರಾಮಾಂಜನೇಯ ಗುಡ್ಡದವರೆಗೆ ಹೋಗಿಬರೋಣವೆ?” ಎಂದರು. ಹೋಗಿಬಂದೆವು.