ದರಗು ಗುಡಿಸುವ ಮೊದಲು

ದೀಪಾವಳಿ ಕಳೆದು ಮಲೆನಾಡಿನ ನೆಲ ಒಣಗತೊಡಗಿದೆ. ಇನ್ನು ಕೊಟ್ಟಿಗೆಗೆ ದರಗು, ಅಂದರೆ ಉದುರಿದ ಒಣ ಎಲೆ, ತರಲು ಜನ ಸೊಪ್ಪಿನ ಬೆಟ್ಟ ಹತ್ತುತ್ತಾರೆ. ಮಂಗನ ಕಾಯಿಲೆ ಹರಡುವ ಉಣುಗು ಅದೇ ದರಗಿನಲ್ಲಿ ಹೆಚ್ಚುವ ಕಾಲವೂ ಇದೇ. ಎಚ್ಚರಿಕೆಯ ಮಾತನ್ನು ಈಗಲೇ ಆಡಬೇಕು, ಆಸ್ಪತ್ರೆ ತುಂಬಿದ ಮೇಲಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಇವತ್ತಿಗೂ ನಿರ್ದಿಷ್ಟ ಔಷಧಿಯಿಲ್ಲ. ದಶಕಗಳ ಕಾಲ ಹಾಕಿದ ಲಸಿಕೆಯನ್ನೂ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. 2019ರಲ್ಲಿ ಅರಳಗೋಡಿನ ಸುತ್ತ ಆದ ಸಾವುಗಳನ್ನು ಸಾಗರದ ಕಡೆಯವರು ಮರೆತಿಲ್ಲ.

ದನದ ಕಿವಿಯಲ್ಲಿ, ಕೆಚ್ಚಲ ಬುಡದಲ್ಲಿ ರಕ್ತ ಕುಡಿದು ಉಬ್ಬಿದ ಬೂದು ಉಣುಗು ಎಲ್ಲರಿಗೂ ಗೊತ್ತು. ಆದರೆ ಮನುಷ್ಯರಿಗೆ ಈ ರೋಗ ತಗಲಿಸುವುದು ಹೆಚ್ಚಾಗಿ ಕಾಡಿನ ಉಣುಗಿನ ಎಂಟು ಕಾಲಿನ ಮರಿ. ಗಾತ್ರ ರಾಗಿ ಕಾಳಿನಷ್ಟು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಎಲೆಯಂಚಿನಲ್ಲಿ ಮುಂಗಾಲು ಚಾಚಿ ಕಾದಿದ್ದು ಹಾದುಹೋಗುವವರ ಮೈಗೆ ಅಂಟಿಕೊಳ್ಳುತ್ತದೆ. ಕಚ್ಚಿದರೂ ನೋವು ಅಷ್ಟಾಗಿ ಗೊತ್ತಾಗದು. ಮಚ್ಚೆಯೋ ಕೊಳೆಯೋ ಎಂದು ಬಿಟ್ಟುಬಿಡುತ್ತೇವೆ.

ಕಾಡಿಗೆ ಹೊರಡುವ ಮುನ್ನ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತುಂಬುತೋಳಿನ ಅಂಗಿ ಇರಲಿ, ಪ್ಯಾಂಟಿನ ತುದಿ ಕಾಲುಚೀಲದೊಳಗಿರಲಿ. ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮೊಣಕಾಲ ಹಿಂಬದಿ, ಕಿವಿಯ ಹಿಂದೆ ಹುಡುಕಿ. ಉಣುಗು ಕಂಡರೆ ಸೀಮೆಎಣ್ಣೆ ಸುರಿಯುವುದು, ಬೀಡಿ ತಾಗಿಸುವುದು, ಉಗುರಲ್ಲಿ ಕುಕ್ಕುವುದು ಬೇಡವೇ ಬೇಡ. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ.

ಕಾಡು ಸುತ್ತಿ ಬಂದ ನಾಯಿ ಜಗಲಿಯಲ್ಲಿ ಮಕ್ಕಳ ಪಕ್ಕವೇ ಮಲಗುತ್ತದೆ. ಅದರ ಕಿವಿಯ ಮಡಿಕೆ, ಬೆರಳ ಸಂದು, ಕೊರಳಪಟ್ಟಿಯ ಅಡಿ ದಿನವೂ ನೋಡಿ. ಉಣುಗಿನಿಂದ ನಾಯಿಗೂ ಜೀವ ತೆಗೆಯುವ ಜ್ವರ ಬರುತ್ತದೆ. ಊಟ ಬಿಟ್ಟು ಒಸಡು ಬಿಳಿಚಿಕೊಂಡರೆ ಪಶುವೈದ್ಯರ ಬಳಿ ಒಯ್ಯಲು ತಡಮಾಡಬೇಡಿ.

ಸತ್ತ ಮಂಗವನ್ನು ಮುಟ್ಟಬಾರದು, ಹತ್ತಿರವೂ ಸುಳಿಯಬಾರದು. ಅದರ ಮೈಯ ಉಣುಗೆಲ್ಲ ಸುತ್ತಲಿನ ನೆಲಕ್ಕೆ ಇಳಿದಿರುತ್ತದೆ. ಅವತ್ತೇ ಆಶಾ ಕಾರ್ಯಕರ್ತೆಗೆ ತಿಳಿಸಿ. ಆರೋಗ್ಯ ಇಲಾಖೆಯೂ ಮೊದಲ ರೋಗಿಯ ವರದಿಗೆ ಕಾಯದೆ ಡೇಪಾ ಎಣ್ಣೆಯನ್ನು ಈ ತಿಂಗಳೇ ಮನೆಮನೆಗೆ ಮುಟ್ಟಿಸಬೇಕು.

ಕಾಡಿಗೆ ಹೋಗಿ ಬಂದ ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ ಮುರಿಯುವಂಥ ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.