ದುಡಿದ ವರ್ಷಗಳು ಯಾರ ಸೊತ್ತು?

ಒಂದೇ ಕಚೇರಿಯ ನೆಲವನ್ನು ಹತ್ತು ವರ್ಷ ಗುಡಿಸಿ ಒರೆಸಿದ ಹೆಂಗಸೊಬ್ಬಳು ಈ ಅವಧಿಯಲ್ಲಿ ನಾಲ್ವರು ಗುತ್ತಿಗೆದಾರರನ್ನು ಕಂಡಿರಬಹುದು. ಟೆಂಡರು ಬದಲಾದಂತೆಲ್ಲ ಸಂಬಳ ಕೊಡುವ ಕೈ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಹಾಗಾದರೆ ಆಕೆಯದು ಹತ್ತು ವರ್ಷದ ಸೇವೆಯೋ, ಅಥವಾ ಕೊನೆಯ ಗುತ್ತಿಗೆದಾರನ ಲೆಕ್ಕದಲ್ಲಿರುವ ಎರಡು ವರ್ಷದ್ದೋ? ಗುತ್ತಿಗೆಯ ದುಡಿಮೆ ಇರುವಲ್ಲೆಲ್ಲ ಏಳುವ ಈ ಪ್ರಶ್ನೆಗೆ ಆಸ್ಟ್ರೇಲಿಯಾ ಕಂಡುಕೊಂಡ ಉತ್ತರ ಗಮನಾರ್ಹವಾಗಿದೆ.

ಆ ದೇಶದಲ್ಲಿ ‘ದೀರ್ಘಸೇವಾ ರಜೆ’ ಎಂಬುದೊಂದುಂಟು. ಅದರ ಹುಟ್ಟು ಸ್ವಾರಸ್ಯಕರವಾದುದು. 1860ರ ದಶಕದಲ್ಲಿ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳ ಸರ್ಕಾರಿ ನೌಕರರಿಗೆ ಅದು ಮೊದಲು ಲಭಿಸಿತು. ಇಂಗ್ಲೆಂಡಿನಿಂದ ಬಂದು ನೆಲಸಿದವರು ಹುಟ್ಟೂರನ್ನು ಕಂಡುಬರಬೇಕಾದರೆ ಹಡಗಿನ ಪ್ರಯಾಣಕ್ಕೇ ತಿಂಗಳುಗಳು ಬೇಕು; ಹಿಂದಿರುಗುವಷ್ಟರಲ್ಲಿ ನೌಕರಿ ಕೈತಪ್ಪಬಾರದೆಂದು ಈ ಏರ್ಪಾಡು. ಹಡಗಿನ ಕಾಲ ಹೋಯಿತು, ರಜೆ ಉಳಿಯಿತು. 1951ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯವು ಖಾಸಗಿ ಉದ್ಯಮಗಳ ಕೆಲಸಗಾರರಿಗೂ ಇದನ್ನು ಶಾಸನದ ಮೂಲಕ ವಿಸ್ತರಿಸಿತು. ಈಗ ಅಲ್ಲಿ ಒಬ್ಬ ಮಾಲೀಕನಲ್ಲಿ ಹತ್ತು ವರ್ಷ ದುಡಿದವನಿಗೆ ಎರಡು ತಿಂಗಳ ಸಂಬಳಸಹಿತ ರಜೆ ಸಲ್ಲುತ್ತದೆ.

ತೊಡಕು ಇರುವುದು ‘ಒಬ್ಬ ಮಾಲೀಕ’ ಎಂಬ ಮಾತಿನಲ್ಲಿ. ಒಂದು ಕಟ್ಟಡ ಮುಗಿದೊಡನೆ ಮತ್ತೊಂದನ್ನು ಅರಸಿ ಹೊರಡುವ ಗಾರೆಯವನು, ಬಡಗಿ ಇಂತಹವರಿಗೆ ಆ ಭಾಗ್ಯವೆಲ್ಲಿ? 1971ರಲ್ಲಿ ಟ್ಯಾಸ್ಮೇನಿಯಾ ರಾಜ್ಯವು ಕಟ್ಟಡ ಕೆಲಸಗಾರರಿಗಾಗಿ ಪ್ರತ್ಯೇಕ ಶಾಸನ ಮಾಡಿ, ಸೇವೆಯನ್ನು ಮಾಲೀಕನ ಹೆಸರಿನಲ್ಲಲ್ಲ, ಕಸುಬಿನ ಹೆಸರಿನಲ್ಲಿ ಎಣಿಸತೊಡಗಿತು. 2019ರ ಜುಲೈಯಿಂದ ವಿಕ್ಟೋರಿಯಾ ರಾಜ್ಯವು ಗುತ್ತಿಗೆಯ ಶುಚಿಗಾರರು, ಕಾವಲುಗಾರರು ಮತ್ತು ಸಮಾಜಸೇವಾ ಕ್ಷೇತ್ರದ ಕೆಲಸಗಾರರಿಗೆ ಇಂತಹುದೇ ವ್ಯವಸ್ಥೆ ಮಾಡಿತು.

ಅದರ ಕ್ರಮ ಸರಳ. ಪ್ರತಿ ಕೆಲಸಗಾರನ ಹೆಸರೂ ಸರ್ಕಾರಿ ಪ್ರಾಧಿಕಾರದ ದಾಖಲೆಯಲ್ಲಿರುತ್ತದೆ. ಗುತ್ತಿಗೆದಾರನು ಮೂರು ತಿಂಗಳಿಗೊಮ್ಮೆ ಸೇವೆಯ ಲೆಕ್ಕ ಒಪ್ಪಿಸಿ, ಸಂಬಳದ ಸಣ್ಣದೊಂದು ಅಂಶದಷ್ಟು ಹಣವನ್ನು ತನ್ನ ಕೈಯಿಂದ ನಿಧಿಗೆ ಕಟ್ಟಬೇಕು, ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಆ ಕ್ಷೇತ್ರದಲ್ಲಿ ಏಳು ವರ್ಷ ತುಂಬಿದರೆ, ಧಣಿಗಳು ಎಷ್ಟೇ ಮಂದಿ ಬದಲಾಗಿರಲಿ, ಆರು ವಾರಗಳಿಗೆ ತುಸು ಮೇಲ್ಪಟ್ಟ ರಜೆಯ ಸಂಬಳ ಆ ನಿಧಿಯಿಂದ ಬರುತ್ತದೆ. ಆದರೆ ದೀರ್ಘಕಾಲ ಆ ಕ್ಷೇತ್ರವನ್ನೇ ಬಿಟ್ಟವನು ಕೂಡಿಟ್ಟ ವರ್ಷಗಳನ್ನು ಕಳೆದುಕೊಳ್ಳಬೇಕಾಗಬಹುದು.

ಈ ತತ್ತ್ವ ಭಾರತೀಯರಿಗೆ ಅಪರಿಚಿತವಲ್ಲ. ನೌಕರಿ ಬದಲಾದರೂ ಬದಲಾಗದ ಭವಿಷ್ಯನಿಧಿಯ ಒಂದೇ ಸಂಖ್ಯೆ 2014ರಿಂದ ಇಲ್ಲಿಯೂ ಬಳಕೆಯಲ್ಲಿದೆ. ಆದರೆ ಅದು ಹಣದ ಲೆಕ್ಕವನ್ನು ಮಾತ್ರ ಹೊತ್ತು ಸಾಗುತ್ತದೆ, ವಿಶ್ರಾಂತಿಯ ಹಕ್ಕನ್ನಲ್ಲ. ವರ್ಷಗಟ್ಟಲೆ ಬಾಗಿ ದುಡಿದ ಬೆನ್ನು ಟೆಂಡರು ಬದಲಾಯಿತೆಂದು ಹೊಸದಾಗುವುದಿಲ್ಲ. ದೇಹವು ಇಟ್ಟ ಈ ಲೆಕ್ಕವನ್ನು ಶಾಸನವೂ ಒಪ್ಪಿಕೊಳ್ಳುವುದು ನ್ಯಾಯ.